ಗಂಟೆಯ ಲೆಕ್ಕದಲ್ಲಿ ರಾಮನಗರ ಎಷ್ಟು ದೂರ?

ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಎಲ್ಲಿಯೂ ಇಳಿಯದೆ, ಉತ್ತರ ಧ್ರುವ ಪ್ರದೇಶವನ್ನು ಹಾದು, 2021ರ ಜನವರಿ 11ರಂದು ಬೆಂಗಳೂರು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಚಾಲಕ ತಂಡದಲ್ಲಿದ್ದವರೆಲ್ಲರೂ ಮಹಿಳೆಯರು. ಎರಡು ನಗರಗಳ ನಡುವಣ ವೈಮಾನಿಕ ದೂರ ಸುಮಾರು 14,000 ಕಿ.ಮೀ.; ಪ್ರಯಾಣದ ಅವಧಿ ಸುಮಾರು 17 ಗಂಟೆ.

ಶಾಲೆಯ ಲೆಕ್ಕದಂತೆ ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಸಾಕು. ಆದರೆ ಆಕಾಶದಲ್ಲಿ ಭಾಗಾಕಾರವಷ್ಟೇ ನಡೆಯುವುದಿಲ್ಲ. ಗೋಳಾಕಾರದ ಭೂಮಿಯ ಮೇಲೆ ಈ ಎರಡು ನಗರಗಳ ಹತ್ತಿರದ ದಾರಿ ಧ್ರುವದ ಸಮೀಪ ಹಾಯುತ್ತದೆ. ಮೇಲ್ಸ್ತರದ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಪೂರ್ವಮುಖವಾಗಿ ಹಾರುವ ವಿಮಾನ ಬಳಸುದಾರಿ ಹಿಡಿದರೂ ಬೇಗ ತಲುಪೀತು. ಯುದ್ಧಭೂಮಿಯ, ನೆರೆದೇಶದ ಮುಚ್ಚಿದ ವಾಯುಮಾರ್ಗಗಳನ್ನು ಸುತ್ತುಹಾಕಬೇಕಾದರೆ ಗಂಟೆಗಳು ಬೆಳೆಯುತ್ತವೆ. ದೂರ ಭೂಗೋಳದ್ದು, ಕಾಲ ಗಾಳಿಯದು, ರಾಜಕಾರಣದ್ದು. ಗಡಿಯಾರದ ಸೋಜಿಗವಂತೂ ಬೇರೆಯೇ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನೇಳು ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ ಐದೂವರೆಗೆ ಇಳಿಯುತ್ತಾರೆ!

ಈ ಲೆಕ್ಕವನ್ನು ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನ ರಾಮನಗರದಲ್ಲಿ ನಿಂತು ಮಾಡಿದರೆ ಬೇರೊಂದು ಸತ್ಯ ಹೊಳೆಯುತ್ತದೆ. ಗೋವಾ ಗಡಿಗೆ ಹತ್ತಿರವಿರುವ ಈ ಊರಿನಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ನೇರ ಗೆರೆ ಎಳೆದರೆ ಎಂಬತ್ತು ಕಿ.ಮೀ. ಆಸುಪಾಸು, ಆ ವಿಮಾನಕ್ಕೆ ಅದು ಐದಾರು ನಿಮಿಷದ ಹಾದಿ. ರಸ್ತೆಯಲ್ಲಾದರೋ ಕಾಡು, ಘಟ್ಟಗಳ ತಿರುವು ದಾಟಿ ನೂರಕ್ಕೂ ಹೆಚ್ಚು ಕಿ.ಮೀ. ಸಾಗಬೇಕು. ಮಳೆಗಾಲದಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಬೆಂಗಳೂರಿಗೆ ಹೋಗಲು ನೆರೆಯ ಬೆಳಗಾವಿ ಜಿಲ್ಲೆಯ ಲೋಂಡಾದಲ್ಲಿ ರೈಲು ಹತ್ತಿ ರಾತ್ರಿಯಿಡೀ ಪಯಣಿಸಬೇಕು.

ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ನೆಲೆ ಕಳೆದುಕೊಂಡ ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಿದ ಊರು ಇದು. ಹಳೆಯ ಸೂಪಾ ಪಟ್ಟಣ ನೀರಿನಡಿ ಸೇರಿತು. ಅವರು ಬಿಟ್ಟುಕೊಟ್ಟ ನೆಲದಲ್ಲಿ ನಿಂತ ನೀರಿನಿಂದ ಹುಟ್ಟುವ ವಿದ್ಯುತ್ತು ಕ್ಷಣಮಾತ್ರದಲ್ಲಿ ನಾಡಿನ ತಂತಿಜಾಲ ಸೇರುತ್ತದೆ. ಬಿಟ್ಟುಕೊಟ್ಟವರ ಪಯಣಕ್ಕೆ ಮಾತ್ರ ಆ ವೇಗವಿಲ್ಲ.

ವಿದೇಶಕ್ಕೆ ಹೋಗುವವರಿಗೆ ಎರಡು ಗಂಟೆ ತಡವಾದರೆ ಬೇಸರ. ತುರ್ತು ರೋಗಿಗೆ ಅದು ಪ್ರಾಣದ ಪ್ರಶ್ನೆ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ದನಿಯೆತ್ತಿದ್ದು ಇದೇ ಕಾರಣಕ್ಕೆ. ಹೆಚ್ಚಿನ ಚಿಕಿತ್ಸೆಗಾಗಿ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾದ ದಾರಿ ಹಿಡಿಯುವುದು ಈ ಜಿಲ್ಲೆಗೆ ರೂಢಿಯಾಗಿಬಿಟ್ಟಿದೆ.

ಹಾಗೆಂದು ದೂರದ ವಿಮಾನಗಳು ಬೇಡವೆಂದಲ್ಲ. ಕಡಲಾಚೆ ಇರುವ ಮಕ್ಕಳನ್ನು ಕಾಣುವ ಹಂಬಲ ಯಾವ ತಂದೆತಾಯಿಗೂ ಸಹಜ. ಹುಲಿಯ ನೆಲೆಯಾದ ಕಾಡನ್ನು ಕಡಿದು ಹೆದ್ದಾರಿ ಹಿಗ್ಗಿಸುವುದೂ ಪರಿಹಾರವಲ್ಲ. ಇರುವ ರಸ್ತೆಯನ್ನು ಮಳೆಗಾಲಕ್ಕೂ ಬಾಳುವಂತೆ ಕಾಪಾಡುವುದು, ಹೊತ್ತಿಗೆ ಸರಿಯಾದ ಬಸ್ಸು, ಹತ್ತಿರದಲ್ಲೇ ಸಿದ್ಧವಿರುವ ಆಂಬುಲೆನ್ಸ್, ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರು: ಇವಿಷ್ಟಾದರೆ ಗಂಟೆಗಳು ತಾವಾಗಿ ಕುಗ್ಗುತ್ತವೆ. ಧ್ರುವದ ಮೇಲೆ ದಾರಿ ಕಂಡುಕೊಂಡ ನಾಡಿಗೆ ರಾಮನಗರದ ದಾರಿ ಅಸಾಧ್ಯವೇನಲ್ಲ.