ಕಪಾಟಿಗೆ ಬಾರದ ಚರಿತ್ರೆ

ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಹೋಗಿ ರೇಣುಕಾಂಬೆಯ ದರ್ಶನ ಮಾಡಿ ಬಂದವರು ಶಿವಮೊಗ್ಗೆ, ಭದ್ರಾವತಿಗಳಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಸೀರೆಯುಟ್ಟು, ಚೌಡಿಕೆ ಹಿಡಿದು ಹಾಡುವ ಜೋಗಪ್ಪಗಳನ್ನೂ ಕಂಡಿರುತ್ತೀರಿ. ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಹೆಣ್ಣಾಗಿ ಬಾಳುವವರು ಅವರು. ಪಡಲಿಗೆಗೆ ಕಾಸು ಹಾಕುತ್ತೇವೆ, ಕೈ ಮುಗಿಯುತ್ತೇವೆ, ಬಸ್ಸು ಹತ್ತುತ್ತೇವೆ. ಐವತ್ತು ವರ್ಷದ ಹಿಂದೆ ಹೀಗೆ ಹಾಡಿದವರೊಬ್ಬರ ಊರು ಯಾವುದು, ಕಷ್ಟಸುಖ ಏನು, ಎಲ್ಲಿ ಬರೆದಿಟ್ಟಿದೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ.

ಬರೆದವರೇ ಇರಲಿಲ್ಲವೆಂದಲ್ಲ, ಪೋಲೀಸರು ಬರೆದರು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಉತ್ತರ ಭಾರತದಲ್ಲಿ ಹಿಜಡಾಗಳ ಪಟ್ಟಿ ಇಡಿಸಿತು. ಅದು ಹಳೆಯ ಕಥೆ ಎನ್ನುವಿರೇನೋ. ನಮ್ಮ ಕರ್ನಾಟಕ ಪೋಲೀಸ್ ಕಾಯಿದೆಗೇ 2011ರಲ್ಲಿ ಅಂಥದೊಂದು ಕಲಮು ಸೇರಿತ್ತು. ಅದರಲ್ಲಿ ಇವರನ್ನು ಹೆಸರಿಸಿದ ಪದವನ್ನು ತೆಗೆದದ್ದು 2016ರಲ್ಲಿ. ಠಾಣೆಯ ದಫ್ತರವೊಂದೇ ಉಳಿದರೆ, ಮುಂದೆ ಚರಿತ್ರೆ ಬರೆಯುವವನಿಗೆ ಇವರೆಲ್ಲ ಆರೋಪಿಗಳಾಗಿಯೇ ಕಾಣುತ್ತಾರೆ ತಾನೆ?

ಗ್ರಂಥಾಲಯಗಳೂ ಈ ದೋಷಕ್ಕೆ ಹೊರತಲ್ಲ. ಪ್ರಪಂಚದ ಅನೇಕ ಕಡೆ ಪುಸ್ತಕಗಳನ್ನು ಜೋಡಿಸುವ ಡ್ಯೂಯಿಯ ವರ್ಗೀಕರಣದಲ್ಲಿ ಸಲಿಂಗ ಪ್ರೇಮವು 1932ರಲ್ಲಿ ಮೊದಲು ಸೇರಿದ್ದು ಮನೋವಿಕಾರಗಳ ಸಾಲಿನಲ್ಲಿ. ಪುಸ್ತಕದ ಬೆನ್ನಿಗೆ ಅಂಟಿಸಿದ ಒಂದು ಅಂಕಿಯೇ, ಓದುಗನು ಪುಟ ತೆರೆಯುವ ಮೊದಲೇ, ಇದು ರೋಗವೆಂದು ಹೇಳಿಬಿಡುತ್ತಿತ್ತು! ಮರುವರ್ಷ, 1933ರ ಮೇ ತಿಂಗಳಲ್ಲಿ, ಬರ್ಲಿನ್ನಿನ ಮಾಗ್ನಸ್ ಹಿರ್ಷ್‌ಫೆಲ್ಡರ ಸಂಸ್ಥೆಗೆ ನಾಟ್ಸಿಗಳು ನುಗ್ಗಿ ಅಲ್ಲಿನ ಗ್ರಂಥಗಳನ್ನು ಬೀದಿಯಲ್ಲಿ ಸುಟ್ಟರು.

ನಮ್ಮಲ್ಲಿ ಅಷ್ಟು ದೊಡ್ಡ ಬೆಂಕಿ ಬೇಕಾಗಿಲ್ಲ. ಬಚ್ಚಲ ಒಲೆ ಸಾಕು. ಮದುವೆಯಾಗದೆ ಉಳಿದ ಚಿಕ್ಕಪ್ಪ, ಗೆಳತಿಯ ಜತೆಯಲ್ಲೇ ಬಾಳು ಕಳೆದ ಸೋದರತ್ತೆ, ಇಂಥವರು ತೀರಿಕೊಂಡಾಗ ಅವರ ಟ್ರಂಕಿನ ಕಾಗದಗಳನ್ನು ಮನೆಯವರು ಉರಿಗೆ ಹಾಕುವುದುಂಟು. ದ್ವೇಷದಿಂದಲ್ಲ, ಮನೆತನದ ಮರ್ಯಾದೆಗೆಂದು. ಅಂಥವರೆಲ್ಲರ ಕಥೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಾಗದ ಬೂದಿಯಾದ ಮೇಲೆ ಹೇಳುವುದಕ್ಕೂ ಅಲ್ಲಗಳೆಯುವುದಕ್ಕೂ ಆಧಾರವೇ ಇರುವುದಿಲ್ಲ.

ಹಳೆಯದನ್ನು ಕಾಪಾಡುವ ಬುದ್ಧಿ ನಮ್ಮ ಜಿಲ್ಲೆಗೆ ಇಲ್ಲದಿಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳನ್ನು ಎಷ್ಟು ಜತನದಿಂದ ಇಟ್ಟಿದ್ದಾರೆ, ನೋಡಿ ಬನ್ನಿ. ಆ ಜತನ ಜೋಗಪ್ಪನ ಹಾಡಿಗೂ ಸಲ್ಲಬೇಕು.

ಈ ಕೆಲಸ ಬೆಂಗಳೂರಿನಲ್ಲಿ ಆಗಲೇ ನಡೆದಿದೆ. ನ್ಯಾಷನಲ್ ಲಾ ಸ್ಕೂಲಿನಲ್ಲಿ ‘ಕಮ್ರಾ’ ಎಂಬ ದಾಖಲೆ ಸಂಗ್ರಹವಿದೆ. ಚಿತ್ರ ನಿರ್ದೇಶಕಿ ಟಿ. ಜಯಶ್ರೀ ಅವರು ವರ್ಷಗಟ್ಟಲೆ ಚಿತ್ರೀಕರಿಸಿದ ಸುರುಳಿಗಳೇ ಅದರ ಬುನಾದಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪಿನೊಡನೆ ಮುಗಿದ 377ನೆಯ ಕಲಮಿನ ವ್ಯಾಜ್ಯದ ಕಾಗದಗಳೂ ಅಲ್ಲಿ ಸೇರಿವೆ.

“ಇದೆಲ್ಲ ಗುಟ್ಟಿನ ವಿಷಯ, ಬಯಲಿಗಿಡುವುದು ಸರಿಯೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೆಸರು ಹೊರಬಿದ್ದರೆ ಕೆಲಸ ಹೋದೀತು, ಮನೆ ತಪ್ಪೀತು. ಆದುದರಿಂದಲೇ ಒಳ್ಳೆಯ ದಾಖಲೆಮನೆಯು ಕೊಡುವವರ ಒಪ್ಪಿಗೆಯಿಲ್ಲದೆ ಏನನ್ನೂ ತೆರೆಯುವುದಿಲ್ಲ. “ನಾನು ಬದುಕಿರುವ ತನಕ ಬೇಡ” ಎಂದರೆ ಪೆಟ್ಟಿಗೆಗೆ ಮುದ್ರೆ ಬೀಳುತ್ತದೆ. ಒಲೆಗೆ ಈ ಸೌಜನ್ಯವಿಲ್ಲ.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ, ಭದ್ರಾವತಿಯ ಆಕಾಶವಾಣಿ ಹುಟ್ಟಿದ ವರ್ಷದಲ್ಲೇ. ಅಂದಿನಿಂದ ಮನೆಗಂದಾಯದ ಜತೆಗೆ ಗ್ರಂಥಾಲಯ ಕರವನ್ನೂ ನೀವು ಕಟ್ಟುತ್ತ ಬಂದಿದ್ದೀರಿ. ಕೇಳುವ ಹಕ್ಕು ನಿಮ್ಮದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ಹೇಳಿದ ಬಾಳಕಥೆಯನ್ನು ಅರುಣ್ ಜೋಳದಕೂಡ್ಲಿಗಿಯವರು ಬರೆದಿದ್ದಾರೆ; ಪುಸ್ತಕದ ಹೆಸರು ‘ನಡುವೆ ಸುಳಿವ ಹೆಣ್ಣು’. ಈ ವಾರ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋದಾಗ ಅದನ್ನು ಕೇಳಿ. ಇಲ್ಲವೆಂದರೆ ಒಂದು ಚೀಟಿಯಲ್ಲಿ ಹೆಸರು ಬರೆದು ಗ್ರಂಥಪಾಲಕರ ಕೈಗೆ ಕೊಟ್ಟು ಬನ್ನಿ.