1001 ಅಂದರೆ ಯಾರು?

ನಮ್ಮಮ್ಮನಿಗೆ ಬರುವ ಸಂಪ್ರದಾಯದ ಹಾಡುಗಳನ್ನೆಲ್ಲ ಶಿರಸಿಯಲ್ಲಿರುವ ನನ್ನ ತಂಗಿ ಎರಡು ವರ್ಷ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದಳು. ಎಣ್ಣೆ ಹಚ್ಚುವ ಹಾಡು, ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಎಲ್ಲ ಸೇರಿ ನೂರಕ್ಕೂ ಹೆಚ್ಚು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ತುಂಬಿ ನನ್ನ ಕೈಗಿಟ್ಟಳು. ಬೆಂಗಳೂರಿಗೆ ಬಂದು ಲ್ಯಾಪ್‌ಟಾಪಿಗೆ ಚುಚ್ಚಿದೆ. ಹಾಡು ಬಂತು, ಅಮ್ಮನ ದನಿ ಮನೆ ತುಂಬಿತು. ಒಂದು ಫೈಲಿನ ಹೆಸರಲ್ಲಿ ‘ಆರತಿ’ ಎನ್ನುವುದು ‘ಅರತಿ’ ಆಗಿತ್ತು. ತಿದ್ದೋಣ ಎಂದು ಹೋದರೆ ಅನುಮತಿ ಇಲ್ಲ ಎಂಬ ಉತ್ತರ. ಹೊಸ ಫೋಲ್ಡರ್ ಮಾಡಲು ಹೋದರೂ ಅದೇ ಉತ್ತರ.

ಇದೇನು ಎಂದು ಫೋಲ್ಡರಿನ ಪ್ರಾಪರ್ಟೀಸ್ ತೆರೆದು ನೋಡಿದೆ. ‘ಓನರ್’ ಎಂಬಲ್ಲಿ ಇದ್ದದ್ದು ನನ್ನ ಮಗನ ಹೆಸರು. ಅವನು ಪಿಯುಸಿ ಹುಡುಗ. ಆ ಪೆನ್‌ಡ್ರೈವನ್ನು ಕಣ್ಣಲ್ಲೂ ಕಂಡವನಲ್ಲ, ಆ ಸಲ ಶಿರಸಿಗೂ ಬಂದಿರಲಿಲ್ಲ. ಅಜ್ಜಿಯ ಹಾಡುಗಳ ಯಜಮಾನ ಅವನು ಹೇಗಾದ? ಪೆನ್‌ಡ್ರೈವ್ ಕಿತ್ತು, ಅವನ ಅಕೌಂಟಿನಿಂದ ಲಾಗಿನ್ ಆಗಲು ಹೇಳಿ ಮತ್ತೆ ಚುಚ್ಚಿಸಿದೆ. ಅವನು ಕ್ಲಿಕ್ ಮಾಡಿದ ತಕ್ಷಣ ‘ಅರತಿ’ ಹೋಗಿ ‘ಆರತಿ’ ಆಯಿತು.

ನಮ್ಮ ಮನೆಯಲ್ಲೂ ತಂಗಿಯ ಮನೆಯಲ್ಲೂ ಇರುವುದು ಉಬುಂಟು ಲಿನಕ್ಸ್. ಅದರಲ್ಲಿ ಮೊದಲು ತೆರೆದ ಅಕೌಂಟಿಗೆ 1000 ಎಂಬ ಸಂಖ್ಯೆ ಸಿಗುತ್ತದೆ, ಎರಡನೆಯದಕ್ಕೆ 1001. ತಂಗಿಯ ಮನೆಯ ಲ್ಯಾಪ್‌ಟಾಪಿನಲ್ಲಿ ಮೊದಲ ಅಕೌಂಟು ಭಾವನದು, ಎರಡನೆಯದು ಅವಳದು. ನಮ್ಮಲ್ಲಿ ಮೊದಲನೆಯದು ನನ್ನದು, ಎರಡನೆಯದು ಮಗನದು. ಅವಳು ಹಾಡುಗಳನ್ನು ಹಾಕುವ ಮೊದಲು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿದಾಗ ಪಟ್ಟಿಯಲ್ಲಿ ಕಂಡ ಎಕ್ಸ್‌ಟ್‌4 ಎಂಬ ಲಿನಕ್ಸ್ ಪದ್ಧತಿಯನ್ನು ಆರಿಸಿಕೊಂಡಿದ್ದಳು. ಆ ಪದ್ಧತಿಯಲ್ಲಿ ಪ್ರತಿ ಫೈಲಿನ ಜೊತೆಗೂ ಯಜಮಾನ ಯಾರೆಂದು ಬರೆದಿಡುತ್ತಾರೆ. ಆದರೆ ಬರೆಯುವುದು ಹೆಸರನ್ನಲ್ಲ, ಬರೀ ಸಂಖ್ಯೆಯನ್ನು. 1001 ಎಂದರೆ ತಂಗಿಯ ಹೆಸರು ಎಂದು ತಿಳಿಸುವ ಪಟ್ಟಿ ಶಿರಸಿಯ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಸಂಖ್ಯೆ ಮಾತ್ರ ಬಸ್ಸು ಹತ್ತಿ ಬೆಂಗಳೂರಿಗೆ ಬಂತು. ಇಲ್ಲಿಯ ಪಟ್ಟಿಯಲ್ಲಿ 1001 ಎಂದರೆ ನನ್ನ ಮಗ.

ಹಿಂದೆ ನಮ್ಮೂರ ಮಡಿವಾಳರು ಬಟ್ಟೆಯ ಅಂಚಿಗೆ ಕರಿಗೇರಿನ ರಸದಿಂದ ಗುರುತು ಹಾಕುತ್ತಿದ್ದರು. ಎರಡು ಚುಕ್ಕೆ ಒಂದು ಗೆರೆ ಎಂದರೆ ಶಾನುಭೋಗರ ಮನೆ, ಮೂರು ಗೆರೆ ಎಂದರೆ ಮಾಸ್ತರರ ಮನೆ. ನೂರು ಮನೆಯ ಬಟ್ಟೆ ಒಂದೇ ಕೆರೆದಂಡೆಯಲ್ಲಿ ಒಣಗಿದರೂ ಒಂದು ಪಂಚೆ ಆಚೀಚೆ ಆಗುತ್ತಿರಲಿಲ್ಲ. ಆದರೆ ಆ ಗುರುತಿನ ಅರ್ಥ ಇದ್ದದ್ದು ಅವರ ತಲೆಯಲ್ಲಿ. ಅದೇ ಪಂಚೆ ಪಕ್ಕದೂರಿನ ಮಡಿವಾಳರ ಗಂಟಿಗೆ ಸೇರಿದರೆ ಎರಡು ಚುಕ್ಕೆ ಒಂದು ಗೆರೆ ಇನ್ಯಾರದೋ ಮನೆ. ಲಿನಕ್ಸಿನ ಯೂಸರ್ ಸಂಖ್ಯೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಹೀಗೇಕೆ ಮಾಡಿದರು ಎಂದರೆ ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಹುಟ್ಟಿದ ಕಾಲಕ್ಕೆ ಹೋಗಬೇಕು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಕಟ್ಟಲು ತೊಡಗಿದಾಗ ಕಂಪ್ಯೂಟರ್ ಎಂದರೆ ಹತ್ತಾರು ಜನ ಹಂಚಿಕೊಂಡು ಬಳಸುವ ದೊಡ್ಡ ಯಂತ್ರ. ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸದಂತೆ ನೋಡಿಕೊಳ್ಳಬೇಕಿತ್ತು. 1971ರ ಮೊದಲ ಕೈಪಿಡಿಯಲ್ಲೇ ಹಕ್ಕು ಬದಲಿಸುವ ‘ಸಿಎಚ್‌ಮಾಡ್’, ಯಜಮಾನನನ್ನು ಬದಲಿಸುವ ‘ಸಿಎಚ್‌ಓನ್’ ಎಂಬ ಎರಡು ಆಜ್ಞೆಗಳಿವೆ. ಅವು ಇಂದಿಗೂ ಅದೇ ಹೆಸರಿನಲ್ಲಿ ನಡೆಯುತ್ತಿವೆ. ಆಗ ಯಜಮಾನನ ಸಂಖ್ಯೆಗೆ ಕೊಟ್ಟ ಜಾಗ ಒಂದೇ ಒಂದು ಬೈಟ್. ಜಾಗ ಅಷ್ಟು ದುಬಾರಿಯಾಗಿದ್ದಾಗ ಹೆಸರು ಬರೆಯುವುದು ಎಲ್ಲಿಂದ ಬಂತು? ಹೆಸರಿನ ಪಟ್ಟಿಯೂ ಡಿಸ್ಕೂ ಒಂದೇ ಯಂತ್ರದಲ್ಲಿ ಇರುತ್ತಿದ್ದುದರಿಂದ ತೊಂದರೆಯೂ ಇರಲಿಲ್ಲ. ಇಂದು ಸಂಖ್ಯೆಗೆ ನಾಲ್ಕು ಬೈಟ್ ಜಾಗವಿದೆ, ನಾನ್ನೂರು ಕೋಟಿಗೂ ಹೆಚ್ಚು ಯಜಮಾನರು ಹಿಡಿಸುತ್ತಾರೆ. ಆದರೂ ಪ್ರತಿ ಮನೆಯ ಉಬುಂಟು 1000ದಿಂದಲೇ ಎಣಿಸಲು ಶುರುಮಾಡುತ್ತದೆ. ಆ್ಯಪಲ್‌ನ ಮ್ಯಾಕ್ 501ರಿಂದ.

ಯಜಮಾನನ ಸಂಖ್ಯೆಯ ಜೊತೆಗೆ ಒಂಬತ್ತು ಹಕ್ಕುಗಳನ್ನೂ ಬರೆದಿಡುತ್ತಾರೆ. ಯಜಮಾನನಿಗೆ ಮೂರು, ಅವನ ಗುಂಪಿಗೆ ಮೂರು, ಉಳಿದವರಿಗೆ ಮೂರು. ಓದಬಹುದೇ, ಬರೆಯಬಹುದೇ, ನಡೆಸಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಅಷ್ಟೆ. ನನ್ನ ವಿಷಯದಲ್ಲಿ ‘ಉಳಿದವರಿಗೆ’ ಓದುವ ಹಕ್ಕಿತ್ತು, ಅದಕ್ಕೇ ಹಾಡು ಕೇಳಿಸಿತು. ಬರೆಯುವ ಹಕ್ಕಿರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಹೆಸರು ತಿದ್ದುವುದಕ್ಕೆ ಬೇಕಾದ್ದು ಫೈಲಿನ ಮೇಲಿನ ಹಕ್ಕಲ್ಲ, ಅದು ಕೂತಿರುವ ಫೋಲ್ಡರಿನ ಮೇಲಿನ ಹಕ್ಕು. ಹೆಸರುಗಳ ಪಟ್ಟಿ ಫೋಲ್ಡರಿನ ಸೊತ್ತು. ಇದು ಗೊತ್ತಿಲ್ಲದೆ ಫೈಲಿನ ಹಕ್ಕನ್ನೇ ಹತ್ತು ಸಲ ಬದಲಿಸಿ ಸೋತವರನ್ನು ನಾನು ನೋಡಿದ್ದೇನೆ.

ಅಂಗಡಿಯಿಂದ ತಂದ ಪೆನ್‌ಡ್ರೈವ್‌ಗೆ ಮಾತ್ರ ಈ ರಗಳೆ ಇರುವುದಿಲ್ಲ. ಅದರಲ್ಲಿರುವುದು ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಪದ್ಧತಿ. ಫ್ಯಾಟ್‌ನ ಮೂಲ 1977ರದು, ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ ಫ್ಲಾಪಿಗಾಗಿ ಬರೆದದ್ದು. ಫ್ಲಾಪಿ ಬಳಸುವ ಸಣ್ಣ ಯಂತ್ರದ ಮುಂದೆ ಕೂರುತ್ತಿದ್ದವನು ಒಬ್ಬನೇ. ಮನೆಯಲ್ಲಿರುವುದು ಒಬ್ಬನೇ ಎಂದ ಮೇಲೆ ಪಾತ್ರೆಗೆ ಹೆಸರು ಕೆತ್ತಿಸುವುದೇಕೆ? ಹಾಗಾಗಿ ಫ್ಯಾಟ್‌ನಲ್ಲಿ ಒಂದು ಫೈಲಿಗೆ ಮೀಸಲಾದ 32 ಬೈಟ್‌ಗಳ ಸಾಲಿನಲ್ಲಿ ಹೆಸರು, ತಾರೀಖು, ಗಾತ್ರ ಎಲ್ಲ ಇವೆ, ಯಜಮಾನನ ಜಾಗವೇ ಇಲ್ಲ. ಇರುವುದು ಗುಣ ತಿಳಿಸುವ ಒಂದು ಬೈಟ್. ಇದು ಓದಲು ಮಾತ್ರ, ಇದು ಅಡಗಿಸಿಟ್ಟದ್ದು, ಇದು ಸಿಸ್ಟಮ್ಮಿಗೆ ಸೇರಿದ್ದು ಎಂಬಂಥ ಗುರುತುಗಳು.

ಆ ಒಂದು ಬೈಟ್ ನಮ್ಮೂರುಗಳಲ್ಲಿ ಎಷ್ಟು ಜನರನ್ನು ಅಳಿಸಿತು ಎಂಬುದು ಜೆರಾಕ್ಸ್ ಅಂಗಡಿಯವರಿಗೆ ಗೊತ್ತು. ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಪೆನ್‌ಡ್ರೈವ್ ತಂದ ಹುಡುಗಿ ಹಾಸ್ಟೆಲಿಗೆ ಹೋಗಿ ನೋಡಿದರೆ ಫೋಲ್ಡರುಗಳೆಲ್ಲ ಮಾಯ, ಅವುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು. ಎಲ್ಲ ಹೋಯಿತು ಎಂದು ಫಾರ್ಮ್ಯಾಟ್ ಮಾಡಿ, ನಿಜವಾಗಿಯೂ ಕಳೆದುಕೊಂಡವರು ಎಷ್ಟೋ ಮಂದಿ. ಅಂಗಡಿಯ ಕಂಪ್ಯೂಟರಿನಿಂದ ಹತ್ತಿದ ವೈರಸ್ ಮಾಡಿದ್ದು ಇಷ್ಟೇ: ಆ ಬೈಟಿನಲ್ಲಿ ‘ಅಡಗಿಸಿಟ್ಟದ್ದು’ ಮತ್ತು ‘ಸಿಸ್ಟಮ್ಮಿನದು’ ಎಂಬ ಎರಡು ಗುರುತುಗಳನ್ನು ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಟ್ಟಿತು. ಫೈಲುಗಳು ಇದ್ದಲ್ಲೇ ಇದ್ದವು. ವಿಂಡೋಸಿನ ‘ಆಟ್ರಿಬ್’ ಆಜ್ಞೆಯಿಂದ ಆ ಗುರುತುಗಳನ್ನು ತೆಗೆದರೆ ಎಲ್ಲ ಮರಳಿ ಕಾಣುತ್ತಿತ್ತು. ಫ್ಯಾಟ್ ಪೆನ್‌ಡ್ರೈವ್‌ಗೆ ಯಜಮಾನ ಇಲ್ಲದ್ದರಿಂದ ಆ ಬೈಟನ್ನು ಯಾರು ಬೇಕಾದರೂ ಬದಲಿಸಬಹುದು, ವೈರಸ್ಸೂ ಸಹ.

ಯಜಮಾನನ ಹೆಸರೇ ಇಲ್ಲದ ಈ ಪೆನ್‌ಡ್ರೈವನ್ನು ಲಿನಕ್ಸಿಗೆ ಚುಚ್ಚಿದರೂ ಪ್ರತಿ ಫೈಲಿನ ಎದುರು ಒಬ್ಬ ಯಜಮಾನ ಕಾಣಿಸುತ್ತಾನೆ! ಅದು ಪೆನ್‌ಡ್ರೈವ್‌ನಲ್ಲಿ ಬರೆದದ್ದಲ್ಲ, ಲಿನಕ್ಸ್ ಆ ಹೊತ್ತಿಗೆ ಆರೋಪಿಸಿದ್ದು. ಈಗ ಲಾಗಿನ್ ಆಗಿ ಚುಚ್ಚಿದವರು ಯಾರೋ ಅವರೇ ಎಲ್ಲದರ ಯಜಮಾನರು ಎಂದು ಅದು ತೀರ್ಮಾನಿಸುತ್ತದೆ. ಕಿತ್ತರೆ ಆ ಯಜಮಾನಿಕೆಯೂ ಮುಗಿಯಿತು. ಅಲ್ಲಿ ‘ಸಿಎಚ್‌ಓನ್’ ಕೊಟ್ಟು ಬೇರೆಯವರ ಹೆಸರಿಗೆ ಬರೆಯಲು ಹೋದರೆ ಆಗುವುದಿಲ್ಲ, ಬರೆಯುವುದಕ್ಕೆ ಜಾಗವೇ ಇಲ್ಲ. ನಾಲ್ಕು ಜನರ ಕೈ ದಾಟುವ ಪೆನ್‌ಡ್ರೈವ್‌ಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ತಲುಪುವಂತಿಲ್ಲ, ಮದುವೆ ವಿಡಿಯೋ ಹಿಡಿಸುವುದಿಲ್ಲ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗ ಮಾಡಿದ ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ಲಿಗೂ ಅದು ಸೇರಿತು.

ಯಜಮಾನನನ್ನು ಬರೆದಿಡುವ ಇನ್ನೊಂದು ಪದ್ಧತಿ ವಿಂಡೋಸಿನ ಎನ್‌ಟಿಎಫ್‌ಎಸ್, 1993ರಲ್ಲಿ ವಿಂಡೋಸ್ ಎನ್‌ಟಿಯ ಜೊತೆ ಬಂದದ್ದು. ಅಲ್ಲಿ ಯಜಮಾನನ ಗುರುತು 1001ರಷ್ಟು ಗಿಡ್ಡವಲ್ಲ. ಎಸ್-1-5-21 ಎಂದು ಶುರುವಾಗಿ ಮೂರು ದೊಡ್ಡ ಸಂಖ್ಯೆಗಳನ್ನು ಪೋಣಿಸಿಕೊಂಡ ಉದ್ದನೆಯ ಸರ. ಬೇರೆ ಕಂಪ್ಯೂಟರಿನಲ್ಲಿ ಅದು ಇನ್ನೊಬ್ಬರ ಗುರುತಿಗೆ ತಾಳೆಯಾಗುವುದು ತೀರಾ ಅಪರೂಪ. ನನ್ನ ಮಗನ ಹೆಸರು ಬಂದಂತೆ ಅಲ್ಲಿ ಬರುವುದಿಲ್ಲ, ‘ಅಪರಿಚಿತ ಅಕೌಂಟ್’ ಎಂದು ತೋರಿಸುತ್ತದೆ. ಕೆಟ್ಟ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ಫೋಟೋ ಹುಡುಕಿದವರಿಗೆ ಇದರ ಪರಿಚಯವಿರುತ್ತದೆ. ಈ ಫೋಲ್ಡರ್ ನೋಡಲು ನಿಮಗೆ ಅನುಮತಿ ಇಲ್ಲ ಎಂದು ವಿಂಡೋಸ್ ತಡೆಯುತ್ತದೆ. ಅದರ ಕೆಳಗೇ ‘ಕಂಟಿನ್ಯೂ’ ಎಂಬ ಬಟನ್. ಅಡ್ಮಿನಿಸ್ಟ್ರೇಟರ್ ಆದವರು ಒತ್ತಿದರೆ ಬಾಗಿಲು ತೆರೆಯಿತು.

ಆ ಬಟನ್ನನ್ನು ಓದುಗರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಹಕ್ಕು, ಯಜಮಾನಿಕೆ ಎಂದು ಇಷ್ಟು ಹೊತ್ತು ಹೇಳಿದ್ದೆಲ್ಲ ಪೆನ್‌ಡ್ರೈವ್ ಮೇಲಿನ ಬರಹ ಮಾತ್ರ. ಅದನ್ನು ಪಾಲಿಸುವುದು ಚುಚ್ಚಿದ ಕಂಪ್ಯೂಟರಿನ ಕೆಲಸ. ತಂಗಿ ‘ನನ್ನ ಹೊರತು ಯಾರೂ ಓದಬಾರದು’ ಎಂದು ಹಕ್ಕು ಬಿಗಿಮಾಡಿ ಕೊಟ್ಟಿದ್ದರೂ ನನ್ನ ಲ್ಯಾಪ್‌ಟಾಪಿನ ರೂಟ್, ಅಂದರೆ ಪೂರ್ಣಾಧಿಕಾರದ ಅಕೌಂಟ್, ನನ್ನದೇ. ರೂಟ್‌ಗೆ ಈ ಒಂಬತ್ತು ಹಕ್ಕುಗಳ ತಡೆ ಇಲ್ಲ. ಕಳೆದುಹೋದ ಪೆನ್‌ಡ್ರೈವ್ ಸಿಕ್ಕವನೂ ತನ್ನ ಮನೆಯ ಕಂಪ್ಯೂಟರಿಗೆ ರೂಟ್.

ಇದೇ ಕಾರಣಕ್ಕೆ ಲಿನಕ್ಸ್ ಕೂಡ ಹೊರಗಿಂದ ಬಂದ ಪೆನ್‌ಡ್ರೈವ್‌ನ ಒಂದು ಮಾತನ್ನು ನಂಬುವುದಿಲ್ಲ. ಯುನಿಕ್ಸಿನಲ್ಲಿ ‘ಸೆಟ್‌ಯುಐಡಿ’ ಎಂಬ ಗುರುತಿದೆ. ಡೆನಿಸ್ ರಿಚಿ ಕಂಡುಹಿಡಿದದ್ದು, 1979ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದಿರುವ ಪ್ರೋಗ್ರಾಮನ್ನು ಯಾರೇ ನಡೆಸಿದರೂ ಅದು ತನ್ನ ಯಜಮಾನನ ಅಧಿಕಾರದಲ್ಲಿ ನಡೆಯುತ್ತದೆ. ನಾನು ಮನೆಯಲ್ಲಿ ರೂಟ್ ಹೆಸರಿನಲ್ಲಿ ಅಂಥದ್ದೊಂದು ಪ್ರೋಗ್ರಾಮ್ ಮಾಡಿ, ಕಾಲೇಜಿನ ಲ್ಯಾಬಿಗೆ ಹೋಗಿ ಚುಚ್ಚಿದರೆ ಇಡೀ ಲ್ಯಾಬ್ ಯಂತ್ರ ನನ್ನ ಕೈಗೆ ಬರಬೇಕಿತ್ತು. ಹಾಗಾಗದಿರಲೆಂದೇ ಉಬುಂಟುವಿನಂಥವು ಪೆನ್‌ಡ್ರೈವನ್ನು ಸೇರಿಸಿಕೊಳ್ಳುವಾಗ ‘ನೋಸುಯಿಡ್’ ಎಂಬ ಕಟ್ಟಳೆ ಹಾಕಿ ಆ ಗುರುತನ್ನು ಕಡೆಗಣಿಸುತ್ತವೆ.

ಹಾಗಾದರೆ ಗುಟ್ಟಾಗಿ ಇಡಬೇಕಾದ್ದನ್ನು ಏನು ಮಾಡಬೇಕು? ಪೆನ್‌ಡ್ರೈವನ್ನೇ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡುವುದೊಂದೇ ದಾರಿ. ಲಿನಕ್ಸಿನಲ್ಲಿ ಫಾರ್ಮ್ಯಾಟ್ ಮಾಡುವಾಗಲೇ ಲಕ್ಸ್ ಎಂಬ ಆಯ್ಕೆ ಇದೆ, ಒಂದು ಟಿಕ್ ಸಾಕು. ವಿಂಡೋಸ್ 7ರ ಜೊತೆ 2009ರಲ್ಲಿ ಬಿಟ್‌ಲಾಕರ್ ಟು ಗೋ ಬಂತು, ಆದರೆ ವಿಂಡೋಸಿನ ಹೋಮ್ ಆವೃತ್ತಿಯಲ್ಲಿ ಅಂಥ ಪೆನ್‌ಡ್ರೈವನ್ನು ತೆರೆಯಬಹುದೇ ಹೊರತು ಹೊಸದಾಗಿ ಮಾಡಲಾಗದು. ಎರಡೂ ಕಡೆ ಬಳಸುವವರಿಗೆ ವೆರಾಕ್ರಿಪ್ಟ್ ಎಂಬ ತಂತ್ರಾಂಶ ಇದೆ, ದುಡ್ಡು ಕೊಡಬೇಕಿಲ್ಲ. ಪಾಸ್‌ವರ್ಡ್ ಮರೆತರೆ ಇವುಗಳಲ್ಲಿ ‘ಕಂಟಿನ್ಯೂ’ ಬಟನ್ ಇರುವುದಿಲ್ಲ. ಮರೆಯಬೇಡಿ.

ನನ್ನ ಪೆನ್‌ಡ್ರೈವ್ ವಿಷಯಕ್ಕೆ ಬಂದರೆ, ಇಂಥ ಸಂದರ್ಭದಲ್ಲಿ ಹೆಚ್ಚಿನವರು ಕೊಡುವ ಸಲಹೆ ‘ಸಿಎಚ್‌ಮಾಡ್ 777’. ಎಲ್ಲರಿಗೂ ಎಲ್ಲ ಹಕ್ಕು ಎಂದು ಅರ್ಥ. ಅದನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಯಾರೋ ತಪ್ಪಿ ಅಳಿಸಿದರೂ ತಡೆಯುವವರಿಲ್ಲ, ಮೇಲಾಗಿ ಇದ್ದಬದ್ದ ಹಕ್ಕುಗಳ ಗುರುತೆಲ್ಲ ಅಳಿದುಹೋಗುತ್ತದೆ. ಅವಸರದಲ್ಲಿ ಹಾದಿ ತಪ್ಪಾಗಿ ಟೈಪಾದರೆ ಇಡೀ ಲ್ಯಾಪ್‌ಟಾಪೇ ಕೆಡಬಹುದು. ಪೆನ್‌ಡ್ರೈವ್ ಇನ್ನು ಮೇಲೆ ಒಬ್ಬರ ಬಳಿಯೇ ಇರುವುದಾದರೆ ಆ ಫೋಲ್ಡರಿಗಷ್ಟೇ ‘ಸಿಎಚ್‌ಓನ್’ ಕೊಟ್ಟು ಅವರ ಹೆಸರಿಗೆ ಮಾಡಿಕೊಂಡರೆ ಸಾಕು. 2021ರ ಲಿನಕ್ಸ್ ಕರ್ನಲ್ 5.12ರಿಂದ ಪೆನ್‌ಡ್ರೈವ್‌ನ ಬರಹ ಮುಟ್ಟದೆ ‘ಅಲ್ಲಿಯ 1001 ಎಂದರೆ ಇಲ್ಲಿಯ 1000’ ಎಂದು ಹೊಂದಿಸುವ ವ್ಯವಸ್ಥೆಯೂ ಬಂದಿದೆ. ಮನೆಬಳಕೆಗೆ ಅದು ಇನ್ನೂ ಸಲೀಸಾಗಿಲ್ಲ.

ನಾನು ಮಾಡಿದ್ದು ಬೇರೆ. ಮೊದಲು ಹಾಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡೆ. ಹೀಗೆ ಕಾಪಿ ಮಾಡಿದ ಫೈಲಿಗೆ ಯಜಮಾನ ಕಾಪಿ ಮಾಡಿದವನೇ, ಮೂಲದ 1001 ಅಲ್ಲಿಗೆ ಬರಲಿಲ್ಲ. ಆಮೇಲೆ ಎರಡು ಹೊಸ ಪೆನ್‌ಡ್ರೈವ್ ತಂದು ಎಕ್ಸ್‌ಫ್ಯಾಟ್‌ನಲ್ಲೇ ಬಿಟ್ಟು, ಎರಡಕ್ಕೂ ಹಾಡು ತುಂಬಿ, ಒಂದನ್ನು ಧಾರವಾಡದ ಚಿಕ್ಕಮ್ಮನಿಗೆ, ಇನ್ನೊಂದನ್ನು ಅಕ್ಕನಿಗೆ ಕಳಿಸಿದೆ. ಅಮ್ಮನ ಹಾಡನ್ನು ಯಾರು ಕೇಳಿದರೂ ಸಂತೋಷವೇ, ಅದಕ್ಕೆ ಬೀಗ ಬೇಡ. ನಿಮ್ಮ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡು, ಬ್ಯಾಂಕಿನ ಕಾಗದಗಳಿರುವ ಪೆನ್‌ಡ್ರೈವ್ ಬೇರೆ ಮಾತು. ಅದಕ್ಕೆ ಇವತ್ತೇ ಪಾಸ್‌ವರ್ಡ್ ಹಾಕಿ. ಜೆರಾಕ್ಸ್ ಅಂಗಡಿಗೆ ಹೋಗುವಾಗ ಅದನ್ನು ಮನೆಯಲ್ಲಿ ಬಿಟ್ಟು, ಪ್ರಿಂಟ್ ಆಗಬೇಕಾದ ಒಂದೇ ಫೈಲನ್ನು ಬೇರೆ ಖಾಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ.