ನಿಮಗಿದು ಗೊತ್ತೆ?: ತೆಲಂಗಾಣದ ಹೋರಾಟ, ಉರ್ದು ಕಥೆ, ಬಂಗಾಳಿ ನಿರ್ದೇಶಕ!

ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ತೆಲಂಗಾಣದ ರೈತರು ನಡೆಸಿದ ಸಶಸ್ತ್ರ ಹೋರಾಟದ ಕುರಿತ ಹೆಸರಾಂತ ತೆಲುಗು ಚಿತ್ರ ‘ಮಾ ಭೂಮಿ’. ಅದನ್ನು ನಿರ್ದೇಶಿಸಿದವರು ಬಂಗಾಳದ ಗೌತಮ್ ಘೋಷ್!

1979ರಲ್ಲಿ ತಯಾರಾದ ಈ ಚಿತ್ರ ಘೋಷ್ ಅವರ ಮೊದಲ ಕಥಾಚಿತ್ರ. ಅದಕ್ಕೂ ಮುನ್ನ ಅವರು ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಕಥೆಯ ಮೂಲವೂ ತೆಲುಗಿನದಲ್ಲ. ಕೃಷನ್ ಚಂದರ್ ಅವರ ಉರ್ದು ಕಾದಂಬರಿ ‘ಜಬ್ ಖೇತ್ ಜಾಗೇ’ ಇದಕ್ಕೆ ಆಧಾರ. ನಿರ್ಮಾಪಕರಲ್ಲಿ ಒಬ್ಬರು ಬಿ. ನರಸಿಂಗ ರಾವ್.

ಬಡ ರೈತನ ಮಗ ರಾಮಯ್ಯ ಇಲ್ಲಿನ ನಾಯಕ. ‘ದೊರೆ’ಗಳೆನಿಸಿಕೊಂಡ ಜಮೀನ್ದಾರರ ದಬ್ಬಾಳಿಕೆ, ನಿಜಾಮರ ಪರವಾಗಿದ್ದ ಖಾಸಗಿ ಪಡೆ ರಜಾಕಾರರ ದಾಳಿ, ಕೊನೆಗೆ ಸೈನ್ಯದ ಪ್ರವೇಶ. ಬಂದೂಕು ಹಿಡಿದವರ ನಡುವೆ ಸಿಕ್ಕಿಬಿದ್ದ ಹಳ್ಳಿಗರ ಬದುಕೇ ಚಿತ್ರದ ಜೀವಾಳ. ಜನಪದ ಗಾಯಕ ಗದ್ದರ್ ತೆರೆಯ ಮೇಲೆ ಹಾಡಿದ ‘ಬಂಡೆನಕ ಬಂಡಿ ಕಟ್ಟಿ’ ಮನೆಮಾತಾಯಿತು.

ಹೈದರಾಬಾದಿನ ಮೆಹದಿಪಟ್ಟಣಂ, ಕಾಚಿಗುಡದಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಕಥೆ ಹೊರಗಿನದಲ್ಲ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಇದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ರಜಾಕಾರರ ಹಾವಳಿಯನ್ನು ಅಲ್ಲಿನ ಹಳ್ಳಿಗಳೂ ಉಂಡಿವೆ. 1948ರ ಸೆಪ್ಟೆಂಬರ್ 13ರಂದು ಭಾರತ ಸೇನೆ ಸಂಸ್ಥಾನದೊಳಕ್ಕೆ ಬಂತು. 17ರಂದು ನಿಜಾಮರು ಶರಣಾದರು. ಆದರೆ ತೆಲಂಗಾಣದ ರೈತರ ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಅದನ್ನು ಹಿಂತೆಗೆದುಕೊಂಡದ್ದು 1951ರಲ್ಲಿ.

ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಆ ದಿನಗಳನ್ನು ಕಂಡ ಹಿರಿಯರು ಈಗ ಬೆರಳೆಣಿಕೆಯಷ್ಟು. ‘ಮಾ ಭೂಮಿ’ ನೋಡಿ. ಅವರ ನೆನಪುಗಳನ್ನೂ ಇಂದೇ ಕೇಳಿ ಬರೆದಿಡಿ.